ಕಾವಲಿನಿಂದ ಕೊಟ್ಟಿಗೆಗೆ
ಅಮೃತಮಹಲ್ ಹೋರಿಕರು ಹೊಸ ಮನೆಗೆ ಹೊಂದಿಕೊಳ್ಳುವ ಬಗೆ

ಬೀರೂರು ಜಂಕ್ಷನ್ನಿನಲ್ಲಿ ರೈಲುಹಾದಿ ಎರಡಾಗುತ್ತದೆ. ಒಂದು ತರೀಕೆರೆಯ ಮಾರ್ಗವಾಗಿ ಮಲೆನಾಡಿನ ಸೆರಗು ಹಿಡಿದು ಶಿವಮೊಗ್ಗದ ಕಡೆಗೆ ಸಾಗುತ್ತದೆ. ಇನ್ನೊಂದು ಅಜ್ಜಂಪುರದ ಮೇಲೆ ಹಾದು ಚಿಕ್ಕಜಾಜೂರಿನತ್ತ ಬಯಲುಸೀಮೆಗೆ ತಿರುಗುತ್ತದೆ. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು. ಇಲ್ಲಿಯ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದ ಹೆಸರನ್ನು ಕೇಳದ ರೈತ ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟ. ಈ ಕೇಂದ್ರದ ಹೋರಿಕರುಗಳ ಹರಾಜಿಗೆ ದೂರದೂರದ ಜಿಲ್ಲೆಗಳಿಂದ ಜನ ಬರುತ್ತಾರೆ. ಉಳುಮೆಗೆ ಜೋಡಿ ಬೇಕೆನ್ನುವವರು, ತಳಿಗೆಂದು ಒಂದು ಹೋರಿಯನ್ನು ಅರಸುವವರು, ಹೋರಿಹಬ್ಬದ ಹುಚ್ಚು ಹಿಡಿದ ಹಾವೇರಿ ಕಡೆಯ ತರುಣರು, ಎಲ್ಲರೂ ಅಲ್ಲಿರುತ್ತಾರೆ. ಕೂಗು ಏರುತ್ತದೆ, ಬೆಲೆ ಏರುತ್ತದೆ, ಕೊನೆಗೆ ಕರು ಒಬ್ಬನ ಪಾಲಾಗುತ್ತದೆ.

ಹರಾಜಿನ ಸಂಭ್ರಮವನ್ನು ಬಣ್ಣಿಸುವವರು ಬಹಳ ಮಂದಿ. ಅದಾದ ಮೇಲಿನ ಒಂದು ತಿಂಗಳ ಮಾತನ್ನು ಆಡುವವರು ವಿರಳ. ಸಾವಿರಾರು ರೂಪಾಯಿ ಸುರಿದು ತಂದ ಕರು ಹೊಸ ಕೊಟ್ಟಿಗೆಯಲ್ಲಿ ಮೇವು ಮುಟ್ಟದೆ ನಿಂತು, ಪಕ್ಕೆಯ ಎಲುಬು ಎಣಿಸುವಂತಾಗುವುದು ಹೊಸ ಸಂಗತಿಯೇನಲ್ಲ. ಊರಿನಲ್ಲಿ ಜಮೀನು ಇಟ್ಟುಕೊಂಡು ಪೇಟೆಯಲ್ಲಿ ವಾಸಿಸುವ ನಮ್ಮ ಓದುಗರಲ್ಲಿ ಅನೇಕರ ಮನೆಯಲ್ಲಿ ಇಂಥ ಕಥೆಯೊಂದು ಇದ್ದೀತು. ಕರು ಸೊರಗಿದರೆ ‘ದೃಷ್ಟಿಯಾಯಿತು’ ಎನ್ನುತ್ತಾರೆ. ದೃಷ್ಟಿಗಿಂತ ಹೆಚ್ಚಾಗಿ ಅದನ್ನು ಬಾಧಿಸುವುದು ಬದುಕಿನ ಬದಲಾವಣೆ.

ಆ ಕರುವಿನ ಕಣ್ಣಿನಿಂದ ಒಮ್ಮೆ ನೋಡೋಣ. ಹುಟ್ಟಿದಂದಿನಿಂದ ಅದು ಬಯಲಿನಲ್ಲಿ, ನೂರಾರು ದನಗಳ ನಡುವೆ ಬೆಳೆದಿದೆ. ಕಣ್ಣಿಯನ್ನು ಕಂಡಿಲ್ಲ, ಗೋದಲಿಯನ್ನು ಕಂಡಿಲ್ಲ, ತಾರಸಿಯ ನೆರಳನ್ನು ಕಂಡಿಲ್ಲ. ಗರಿಕೆ ಮೇದು, ಜಾಲಿಯ ಮರದಡಿ ಮಲಗಿ, ಹಿಂಡಿನೊಡನೆ ನೀರಿಗೆ ಹೋಗಿ ಬರುವುದೊಂದೇ ಅದಕ್ಕೆ ಗೊತ್ತು. ಪರಿಚಯವಿರುವ ಮನುಷ್ಯರೆಂದರೆ ದನ ಕಾಯುವ ನಾಲ್ಕಾರು ಮಂದಿ. ಅಂಥ ಪ್ರಾಣಿಯನ್ನು ಒಂದು ಬೆಳಗ್ಗೆ ಹಗ್ಗ ಹಾಕಿ ಹಿಡಿದು, ಲಾರಿಯ ಮೇಲೇರಿಸಿ, ಸಂಜೆಯ ಹೊತ್ತಿಗೆ ಸಿಮೆಂಟು ನೆಲದ ಮೇಲೆ ಒಂಟಿಯಾಗಿ ಕಟ್ಟಿಹಾಕುತ್ತೇವೆ. ಸುತ್ತ ಮಕ್ಕಳ ಗಲಾಟೆ, ಮೋಟಾರು ಸೈಕಲ್ಲಿನ ಸದ್ದು, ತಲೆಯ ಮೇಲೆ ವಿದ್ಯುದ್ದೀಪ. ಅದು ಮೇಯದಿದ್ದರೆ ಆಶ್ಚರ್ಯವೇನು?

ಅಮೃತಮಹಲ್ ತಳಿಯ ಸ್ವಭಾವವನ್ನು ಅರಿಯಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪುಸುಲ್ತಾನ ಅದನ್ನು ‘ಅಮೃತಮಹಲ್’ ಎಂದು ಕರೆದ. ಬೆಣ್ಣೆ, ಅಮೃತ ಎಂಬ ಹೆಸರುಗಳೇನೋ ಸೊಗಸಾಗಿವೆ. ಆದರೆ ಈ ಹಸು ತನ್ನ ಕರುವಿಗೆ ಸಾಲುವಷ್ಟು ಹಾಲು ಕೊಟ್ಟರೆ ಅದೇ ಹೆಚ್ಚು! ತಳಿಯ ಹಿರಿಮೆ ಇರುವುದು ಎತ್ತುಗಳ ಓಟದಲ್ಲಿ, ದಣಿವರಿಯದ ದುಡಿಮೆಯಲ್ಲಿ. ಚಿದಂಬರದ ನೆರವಿಗೆ ಹೈದರಾಲಿ ಎರಡೂವರೆ ದಿನಗಳಲ್ಲಿ 100 ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ಫಿರಂಗಿಗಳನ್ನು ಎಳೆದೊಯ್ಯುತ್ತಿದ್ದುದು ಇವುಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹಿಂಡುಗಳು ಇಂಗ್ಲಿಷರ ವಶವಾದುವು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸುವುದಕ್ಕಾಗಿ ಹಿಂಡನ್ನೇ ಮಾರಿಸಿಬಿಟ್ಟರು! ಮುಮ್ಮಡಿ ಕೃಷ್ಣರಾಜ ಒಡೆಯರು ಆ ಮಾರಾಟದಲ್ಲಿ ಉತ್ತಮವಾದ ಕೆಲವು ದನಗಳನ್ನು ಕೊಂಡಿದ್ದರು. 1866ರಲ್ಲಿ ಹಿಂಡನ್ನು ಮತ್ತೆ ಕಟ್ಟುವಾಗ ಅವು ಒದಗಿ ಬಂದುವು. ಅಂದು ಅರಮನೆಯ ಕೊಟ್ಟಿಗೆಯಲ್ಲಿ ಆ ದನಗಳು ಚೆನ್ನಾಗಿ ಬಾಳದೆ ಹೋಗಿದ್ದರೆ ಇಂದಿನ ತಳಿಯ ಗತಿ ಏನಾಗುತ್ತಿತ್ತೋ!

ಹಿಂಡುಗಳನ್ನು ಮೇಯಿಸಲು ಮೈಸೂರು ಸೀಮೆಯ ಉದ್ದಗಲಕ್ಕೂ ‘ಕಾವಲು’ಗಳೆಂಬ ಹುಲ್ಲುಗಾಡುಗಳನ್ನು ಮೀಸಲಿಟ್ಟಿದ್ದರು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಋತು ಬದಲಾದಂತೆ ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಕೆರೆಯಂಗಳ ಮತ್ತು ಮರದ ನೆರಳು ಇರುವ ಜಾಗ ಬೇಸಿಗೆಗೆ. ಎಂದರೆ ಈ ತಳಿಗೆ ತಾಣ ಬದಲಾಯಿಸುವುದು ಹೊಸದಲ್ಲ. ಆದರೆ ಪ್ರತಿಸಲವೂ ಹಿಂಡು ಜೊತೆಗಿರುತ್ತಿತ್ತು. ಕಾವಲುಗಳ ಬಹುಭಾಗ ಈಗ ಉಳುಮೆಗೂ ಬೇರೆ ಕೆಲಸಗಳಿಗೂ ಹೋಗಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ ಕೃಷ್ಣಮೃಗಗಳ ಪುಣ್ಯದಿಂದ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು.

ಕಾಡುಸ್ವಭಾವದ ಈ ಎತ್ತುಗಳನ್ನು ಪಳಗಿಸುತ್ತಿದ್ದ ಕ್ರಮ ಹಳೆಯ ದಾಖಲೆಗಳಲ್ಲಿದೆ. ಅವುಗಳನ್ನು ದೊಡ್ಡಿಯೊಳಕ್ಕೆ ಹೊಡೆದು, ಕುಣಿಕೆ ಹಾಕಿ ಹಿಡಿದು, ಗಟ್ಟಿಯಾದ ಕಂಬಕ್ಕೆ ಕಟ್ಟುತ್ತಿದ್ದರು. ಬಿರುಸು ತಗ್ಗಿದ ಮೇಲೆ ಒಂದೊಂದನ್ನೂ ಪಳಗಿದ ಸಾಧು ಎತ್ತಿನ ಜೊತೆಗೆ ಜೋಡಿಸಿ ಅಡ್ಡಾಡಿಸುತ್ತಿದ್ದರು. ಅದಾದ ಮೇಲೆಯೇ ಇಬ್ಬರು ಹೊಸಬರನ್ನು ಒಟ್ಟಿಗೆ ಕಟ್ಟುವುದು, ಆಮೇಲೆ ಹಗುರವಾದ ನೊಗ. ಈ ಕ್ರಮದಲ್ಲಿ ಅತ್ಯಂತ ಬುದ್ಧಿವಂತಿಕೆಯ ಮಾತೆಂದರೆ ಆ ಸಾಧು ಎತ್ತು. ಮನುಷ್ಯ ಹತ್ತು ದಿನ ಮಾಡುವ ಉಪದೇಶವನ್ನು ಅದು ಅರ್ಧ ದಿನದಲ್ಲಿ ಮಾಡುತ್ತದೆ. ಕುದುರೆ ಸಾಕುವವರಿಗೂ ಈ ಗುಟ್ಟು ಗೊತ್ತು. ಲಾಯ ಬದಲಾದಾಗ ಬೆದರುವ ಕುದುರೆಯ ಬಳಿ ಒಂದು ಹಳೆಯ ಕುದುರೆಯನ್ನೋ, ಅದೂ ಇಲ್ಲದಿದ್ದರೆ ಒಂದು ಮೇಕೆಯನ್ನೋ ಕಟ್ಟುವ ರೂಢಿ ಅನೇಕ ದೇಶಗಳಲ್ಲಿದೆ.

ಆದ್ದರಿಂದ ಅಜ್ಜಂಪುರದಿಂದ ಕರು ಬರುವ ಮೊದಲೇ ಮಾಡಬೇಕಾದ ಕೆಲಸ, ಕೊಟ್ಟಿಗೆಯಲ್ಲಿ ಅದಕ್ಕೊಂದು ನೆರೆಯನ್ನು ಗೊತ್ತುಮಾಡುವುದು. ಮನೆಯ ಮುದಿ ಎತ್ತು ಅಥವಾ ಸಮಾಧಾನದ ಹಸು ಸಾಕು. ಕರುವಿಗೆ ಅದು ಕಾಣುತ್ತಿರಬೇಕು, ಕೊಂಬಿಗೆ ಎಟುಕಬಾರದು. ಜೋಡಿಯಾಗಿ ಕೊಂಡವರಿಗೆ ಈ ಕೆಲಸ ಅರ್ಧ ಆದಂತೆಯೇ.

ಪ್ರಯಾಣದಲ್ಲಿ ದನ ಮೈತೂಕದ ನೂರಕ್ಕೆ 5ರಿಂದ 10ರಷ್ಟನ್ನು ಕಳೆದುಕೊಳ್ಳುವುದುಂಟು. ಇದರಲ್ಲಿ ಬಹುಪಾಲು ಹೊಟ್ಟೆಯಲ್ಲಿದ್ದ ಮೇವು ಮತ್ತು ನೀರು. ಮಾಂಸ ಕರಗಿದ್ದು ಕಡಿಮೆ. ಇದನ್ನರಿಯದ ಯಜಮಾನ ಗಾಬರಿಯಾಗಿ, ಇಳಿದ ಕೂಡಲೇ ಅನ್ನ, ಗಂಜಿ, ರಾಗಿಹಿಟ್ಟು, ಹಿಂಡಿ ಎಲ್ಲವನ್ನೂ ಮುಂದೆ ಸುರಿಯುತ್ತಾನೆ. ಮನೆಯ ಹಿರಿಯ ಹೆಂಗಸರಿಗಂತೂ ಬಂದ ಅತಿಥಿ ಹಸಿದಿರುವುದನ್ನು ನೋಡಲಾಗದು. ಈ ಪ್ರೀತಿಯೇ ಅಪಾಯ. ದನದ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಒಡೆಯುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹುಲ್ಲಿಗೆ ಒಗ್ಗಿದ ಈ ಜೀವಿಗಳ ಸಮೂಹ ಧಾನ್ಯಕ್ಕೆ ಒಗ್ಗಲು ಎರಡು ಮೂರು ವಾರ ಬೇಕು. ಒಮ್ಮೆಗೇ ಹಿಟ್ಟು, ಅನ್ನ ಬಿದ್ದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಂತು, ಹೊಟ್ಟೆ ಉಬ್ಬುತ್ತದೆ ಅಥವಾ ಭೇದಿಯಾಗುತ್ತದೆ. ಕರು ಸಾಯುವುದೂ ಉಂಟು.

ಮೊದಲ ದಿನ ಬೇಕಾದದ್ದು ನೀರು, ನೆರಳು, ಒಣಹುಲ್ಲು, ಮೌನ. ಇಷ್ಟೇ. ನೀರಿನ ರುಚಿ ಬದಲಾದರೆ ಕೆಲವು ಕರುಗಳು ಮೂತಿ ತಿರುಗಿಸುತ್ತವೆ. ಒಂದು ಚಿಕ್ಕ ಉಂಡೆ ಬೆಲ್ಲ ಕದಡಿದರೆ ಕುಡಿಯುತ್ತವೆ. ಸಾಧ್ಯವಾದರೆ ಅಜ್ಜಂಪುರದ ಕಡೆಯ ಒಣಹುಲ್ಲನ್ನು ಒಂದೆರಡು ಹೊರೆ ಜೊತೆಯಲ್ಲೇ ತಂದು, ದಿನದಿನಕ್ಕೂ ಮನೆಯ ರಾಗಿಹುಲ್ಲನ್ನು ಅದಕ್ಕೆ ಬೆರೆಸುತ್ತ ಹೋಗುವುದು ಲೇಸು. ಎತ್ತರದ ಗೋದಲಿಯಲ್ಲಿ ಹಾಕಿದ ಮೇವನ್ನು ಕಾವಲಿನ ಕರು ಮೇವೆಂದೇ ತಿಳಿಯದೆ ಹೋಗಬಹುದು. ಅದು ತಲೆ ತಗ್ಗಿಸಿ ಮೇದು ಬೆಳೆದದ್ದು. ನೆಲದ ಮೇಲೆ ಚೊಕ್ಕಟವಾದ ಜಾಗದಲ್ಲಿ ಹರಡಿರಿ, ಅಥವಾ ತಗ್ಗಾದ ಬುಟ್ಟಿಯಲ್ಲಿಡಿ. ಸಿಮೆಂಟಿನ ಮೇಲೆ ಗೊರಸು ಜಾರುತ್ತದೆ. ಒಮ್ಮೆ ಜಾರಿ ಬಿದ್ದ ಕರು ಆ ಜಾಗದಲ್ಲಿ ಮಲಗಲು ಹೆದರುತ್ತದೆ. ಮಲಗದ ದನ ನೆಮ್ಮದಿಯಾಗಿ ಮೆಲುಕು ಹಾಕುವುದಿಲ್ಲ. ಮಣ್ಣು ಹಾಕಿ, ಮೇಲೆ ಹುಲ್ಲು ಹಾಸಿದರೆ ಈ ತೊಂದರೆ ತಪ್ಪಿತು.

ಮೂಗುದಾರದ ಮಾತು ಬಂದಾಗ ಹಳ್ಳಿಗಳಲ್ಲಿ ವಾದವೇ ನಡೆಯುತ್ತದೆ. ತಂದ ದಿನವೇ ಮೂಗು ಚುಚ್ಚಿಸಿದರೆ ‘ಕೈಗೆ ಸಿಕ್ಕುತ್ತದೆ’ ಎನ್ನುವವರಿದ್ದಾರೆ. ಮೂಗಿನ ಹುಣ್ಣು, ನೊಣ, ಹೊಸ ಜಾಗದ ಭಯ, ಮೂರೂ ಸೇರಿದರೆ ಕರು ಬಾಯಿಗೆ ಹುಲ್ಲು ಸೇರಿಸುವುದು ಹೇಗೆ? ಮೊದಲ ವಾರಗಳಲ್ಲಿ ಕತ್ತಿಗೆ ಮೆತ್ತನೆಯ ನೂಲಿನ ಹಗ್ಗ, ಬಿಗಿಯಾಗದ ಗಂಟು, ಮಲಗಿ ಏಳುವಷ್ಟು ಸಡಿಲ; ಅದು ಸಾಕು. ಮೇವು ತಿನ್ನಲು ಕಲಿತ ಮೇಲೆ ಮೂಗುದಾರ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಮನೆಯಲ್ಲಿ ಒಬ್ಬರೇ ಅದನ್ನು ನೋಡಿಕೊಳ್ಳುವುದು ಒಳ್ಳೆಯದು. ಅದೇ ಹೊತ್ತು, ಅದೇ ದನಿ, ಸಾಧ್ಯವಾದರೆ ಅದೇ ಬಣ್ಣದ ವಸ್ತ್ರ. ಹಿಂದಿನಿಂದ ಬರಬಾರದು, ಅದಕ್ಕೆ ಕಾಣುವಂತೆ ಭುಜದ ಪಕ್ಕದಿಂದ, ಮಾತನಾಡುತ್ತ ಬರಬೇಕು. ನೆಟ್ಟ ನೋಟದಿಂದ ದುರುಗುಟ್ಟಿ ನೋಡಿದರೆ ಅದು ಬೆದರಿಕೆ ಎಂದೇ ಭಾವಿಸುತ್ತದೆ. ಹಿಂದಕ್ಕೆ ಬಾಗಿ ಮೇಲಕ್ಕೆ ಚಾಚಿದ ಆ ಚೂಪು ಕೊಂಬುಗಳು ಚಿತ್ರದಲ್ಲಿ ಅಂದ. ಮಕ್ಕಳನ್ನು ಮಾತ್ರ ಅವುಗಳ ಅಳತೆಯಿಂದ ದೂರವಿಡಿ. ನೆರೆಹೊರೆಯವರು ಹೊಸ ಕರುವನ್ನು ನೋಡಲು ಬರುವುದು ಸಹಜ. ಹದಿನೈದು ದಿನ ಬಿಟ್ಟು ಬನ್ನಿರೆಂದು ವಿನಯದಿಂದ ಹೇಳಬಹುದು.

ಮೊದಲ ಶುಭಸೂಚನೆ ಯಾವುದು? ಕರು ಮಲಗಿ, ಕಣ್ಣು ಅರೆಮುಚ್ಚಿ, ಮೆಲುಕು ಹಾಕತೊಡಗಿದರೆ ಅದು ಅರ್ಧ ನಿಮ್ಮದಾಯಿತು. ಸಗಣಿ ತೀರ ಗಟ್ಟಿಯಾಗಿಯೂ ನೀರಾಗಿಯೂ ಇರದಿದ್ದರೆ ಹೊಟ್ಟೆ ಒಗ್ಗುತ್ತಿದೆ ಎಂದರ್ಥ. ಎರಡು ದಿನ ಕಳೆದರೂ ಮೆಲುಕು ಕಾಣದಿದ್ದರೆ, ಮೂತಿ ಒಣಗಿದ್ದರೆ, ಮೈ ಬಿಸಿಯಾಗಿದ್ದರೆ ಪಶುವೈದ್ಯರನ್ನು ಕರೆಯಲು ತಡಮಾಡಬಾರದು. ಪ್ರಯಾಣದ ಆಯಾಸದಲ್ಲಿ ಗಳಲೆ ರೋಗ ಬೇಗನೆ ಅಡರುತ್ತದೆ. ಕಾಲುಬಾಯಿ ಜ್ವರ, ಚಪ್ಪೆರೋಗ, ಈಚಿನ ವರ್ಷಗಳ ಚರ್ಮಗಂಟು ರೋಗ ಇವುಗಳ ಲಸಿಕೆ ಆಗಿದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು. ಸಗಣಿ ಪರೀಕ್ಷೆ ಮಾಡಿಸಿ ಜಂತಿನ ಔಷಧ ಕೊಡಿಸುವುದು ಎರಡನೆಯ ವಾರದ ಕೆಲಸ. ಹೊಟ್ಟೆಯಲ್ಲಿ ಜಂತುಹುಳುಗಳನ್ನು ಇಟ್ಟುಕೊಂಡು ಹಿಂಡಿ ತಿನ್ನಿಸುವುದೆಂದರೆ ಹುಳುಗಳಿಗೆ ಔತಣ ಮಾಡಿದಂತೆ.

ಇನ್ನು ಮೈತುಂಬುವ ಮಾತು. ಕರುವನ್ನು ತೂಗಲು ತಕ್ಕಡಿ ಬೇಡ. ಮನೆಯ ಹೊಲಿಗೆಯ ಟೇಪು ಸಾಕು. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಅಂಗುಲಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಗ್ರಾಂ ಲೆಕ್ಕದ ತೂಕ ಸಿಕ್ಕುತ್ತದೆ. ಸುತ್ತಳತೆ 50, ಉದ್ದ 42 ಇದ್ದರೆ 159 ಕಿಲೋ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಒಳ್ಳೆಯ ಗಣಿತವೂ ಹೌದು. ಅಳೆಯುವ ಕೆಲಸವನ್ನು ಮಾತ್ರ ದೊಡ್ಡವರೇ ಮಾಡಬೇಕು, ಅದೂ ಕರು ಮೈ ಮುಟ್ಟಲು ಬಿಟ್ಟ ಮೇಲೆ.

ಈ ಗಾತ್ರದ ಕರುವಿಗೆ ದಿನಕ್ಕೆ ಸುಮಾರು 6 ಕಿಲೋ ಹಸಿರು ಮೇವು, 2ರಿಂದ 2½ ಕಿಲೋ ರಾಗಿಹುಲ್ಲು ಅಥವಾ ಜೋಳದ ಸೊಪ್ಪೆ, 1 ಕಿಲೋದಷ್ಟು ಹಿಂಡಿ-ಬೂಸಾ-ಹುರುಳಿ ಸಾಕಾಗುತ್ತದೆ. ಹಿಂಡಿಯ ಭಾಗವನ್ನು ಮೊದಲ ವಾರ ಬಿಟ್ಟು, ಎರಡನೆಯ ವಾರ ಕಾಲು ಕಿಲೋದಿಂದ ಆರಂಭಿಸಿ, ಮೂರು ನಾಲ್ಕು ದಿನಗಳಿಗೊಮ್ಮೆ ಕಾಲು ಕಿಲೋ ಏರಿಸಬೇಕು. ಹುರುಳಿಯನ್ನು ಬೇಯಿಸಿಯೇ ಕೊಡಬೇಕು. ಎತ್ತಿಗೂ ಕುದುರೆಗೂ ನಮ್ಮ ಹಿರಿಯರು ನಂಬಿದ್ದ ಧಾನ್ಯ ಅದು. ದಿನಕ್ಕೆ 25ರಿಂದ 30 ಗ್ರಾಂ ಖನಿಜ ಮಿಶ್ರಣವನ್ನೂ ಚಿಟಿಕೆ ಉಪ್ಪನ್ನೂ ಬೆರೆಸಿದರೆ ಕೂದಲಿಗೆ ಹೊಳಪು ಬರುತ್ತದೆ.

ತಿಂಗಳಲ್ಲಿ ಕರು ಗೂಳಿಯಾಗಬೇಕೆಂದು ಆಶಿಸುವವರಿಗೆ ಒಂದು ಮಾತು: ಇದು ಕೊಬ್ಬುವ ತಳಿಯಲ್ಲ. ತೆಳ್ಳನೆಯ ಮೈ, ಉದ್ದನೆಯ ಕಾಲು, ಚಿಕ್ಕ ಗಂಗೆದೊಗಲು ಇವೇ ಇದರ ಲಕ್ಷಣ. ದಿನಕ್ಕೆ 300 ಗ್ರಾಂ ಏರಿದರೆ ಅದು ಚೆನ್ನಾದ ಬೆಳವಣಿಗೆ. ತಿಂಗಳ ಕೊನೆಗೆ ಟೇಪು ಹಿಡಿದಾಗ ಸುತ್ತಳತೆ 51, ಉದ್ದ 42½ ಬಂದರೆ 167 ಕಿಲೋ ಆಯಿತು. ಆ ವೇಳೆಗೆ ಕರು ಬೆಳಗ್ಗೆ ಬಾಗಿಲ ಸದ್ದಿಗೆ ಬೆಚ್ಚುವುದನ್ನು ಬಿಟ್ಟು, ಮೇವಿನ ಬುಟ್ಟಿಯ ಕಡೆಗೆ ಕಿವಿ ನಿಮಿರಿಸುತ್ತದೆ. ನೊಗದ ಯೋಚನೆ ಇನ್ನೂ ದೂರ. ಹಳೆಯ ಇಲಾಖೆಯವರೂ ಮೂರು ವರ್ಷ ತುಂಬಿದ ಮೇಲೆಯೇ ಅವುಗಳನ್ನು ಪಳಗಿಸಲು ಹಿಂಡಿನಿಂದ ಬೇರ್ಪಡಿಸುತ್ತಿದ್ದರು.