ಹಳೆಯ ಪಿಕಪ್ ಟ್ರಕ್‌ಗಳಿಗೆ ಹೊಸ ಮಾದರಿಯ ಕಾರ್ಖಾನೆ ಚಕ್ರಗಳ ಅಳವಡಿಕೆ

ಹಳೆಯ ಪಿಕಪ್ ಟ್ರಕ್‌ಗಳಿಗೆ ಹೊಸ ಮಾದರಿಯ ಕಾರ್ಖಾನೆ ಚಕ್ರಗಳ ಅಳವಡಿಕೆ ಎಂದರೆ, ನಂತರದ ವರ್ಷಗಳ ಮಾದರಿಗಾಗಿ ವಾಹನ ತಯಾರಕರೇ ಒದಗಿಸಿದ ಚಕ್ರಗಳನ್ನು ಹಿಂದಿನ ಮಾದರಿಯ ಟ್ರಕ್‌ಗೆ ಜೋಡಿಸುವುದು. ಪಿಕಪ್ ಟ್ರಕ್‌ಗಳ ಬಳಕೆ ವ್ಯಾಪಕವಾಗಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ರೂಢಿ ಹೆಚ್ಚು. ಹೊಸ ಟ್ರಕ್ ಕೊಂಡವರಲ್ಲಿ ಕೆಲವರು ಅದರ ಮೂಲ ಚಕ್ರಗಳನ್ನು ಬಿಚ್ಚಿ ಮಾರುವುದರಿಂದ, ಹೆಚ್ಚು ಸವೆಯದ ಚಕ್ರಗಳು ಹಳೆಯ ಟ್ರಕ್‌ಗಳ ಮಾಲೀಕರಿಗೆ ದೊರೆಯುತ್ತವೆ. ಆದರೆ ಬೋಲ್ಟ್‌ಗಳು ರಂಧ್ರಗಳಲ್ಲಿ ಕೂತ ಮಾತ್ರಕ್ಕೆ ಚಕ್ರವು ಹೊಂದಿಕೊಂಡಿತು ಎನ್ನಲಾಗದು. ಪಿ.ಸಿ.ಡಿ., ನಡುರಂಧ್ರ, ಆಫ್‌ಸೆಟ್, ನಟ್‌ಗಳು ಮತ್ತು ಭಾರ ಸಾಮರ್ಥ್ಯ ಇವೆಲ್ಲವೂ ತಾಳೆಯಾಗಬೇಕು. ಹೊಂದದ ಚಕ್ರವು ಚಲಿಸುವಾಗ ಸಡಿಲಗೊಂಡು ಕಳಚಿಬೀಳುವ ಅಪಾಯವಿದೆ.

ಬೋಲ್ಟ್ ವಿನ್ಯಾಸ

ಬೋಲ್ಟ್‌ಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸವನ್ನು ಪಿ.ಸಿ.ಡಿ. ಎನ್ನುತ್ತಾರೆ. ಬೋಲ್ಟ್‌ಗಳ ಸಂಖ್ಯೆಯೊಡನೆ ಇದನ್ನು 6×139.7 ಎಂಬಂತೆ ಬರೆಯಲಾಗುತ್ತದೆ. ಪ್ರಮುಖ ಅಮೆರಿಕನ್ ಟ್ರಕ್‌ಗಳ ವಿನ್ಯಾಸಗಳು ಮಿಲಿಮೀಟರ್‌ಗಳಲ್ಲಿ ಹೀಗಿವೆ:

• ಫೋರ್ಡ್ ಎಫ್-150: 1996ರ ಮಾದರಿಯವರೆಗೆ 5×139.7, 1997ರಿಂದ 2003ರವರೆಗೆ 5×135, 2004ರಿಂದ 6×135.
• ಷೆವ್ರೊಲೆ 1500 ಶ್ರೇಣಿ: 1988–98ರ ನಾಲ್ಕು ಚಕ್ರ ಚಾಲನೆಯ ಟ್ರಕ್‌ಗಳಲ್ಲಿ 6×139.7, ಎರಡು ಚಕ್ರ ಚಾಲನೆಯವುಗಳಲ್ಲಿ 5×127. 1999ರಲ್ಲಿ ಬಂದ ಸಿಲ್ವರಾಡೊ 1500ರಿಂದ ಎರಡೂ ಬಗೆಗಳಲ್ಲಿ 6×139.7.
• ಡಾಡ್ಜ್ ಹಾಗೂ ರ್‍ಯಾಮ್ 1500: 1994ರಿಂದ 2018ರವರೆಗೆ 5×139.7; 2019ರ ಹೊಸ ಪೀಳಿಗೆಯಲ್ಲಿ 6×139.7.

ಬೋಲ್ಟ್‌ಗಳ ಸಂಖ್ಯೆಯೇ ಬೇರೆಯಾದರೆ ತಪ್ಪು ತಕ್ಷಣ ತಿಳಿಯುತ್ತದೆ. ಸಂಖ್ಯೆ ಒಂದೇ ಆಗಿದ್ದು ವ್ಯಾಸದಲ್ಲಿ ಅಲ್ಪ ಅಂತರವಿರುವ ವಿನ್ಯಾಸಗಳೇ ಹೆಚ್ಚು ಅಪಾಯಕಾರಿ. 135 ಮತ್ತು 139.7ರ ನಡುವಿನ ಅಂತರ 4.7 ಮಿ.ಮೀ. ಮಾತ್ರ. ಭಾರಿ ಟ್ರಕ್‌ಗಳಲ್ಲಿ ಬಳಸುವ 8×165.1 ಮತ್ತು 8×170ರ ನಡುವೆಯೂ 4.9 ಮಿ.ಮೀ. ಅಂತರವಷ್ಟೇ ಇದೆ. ಇಂತಹ ಚಕ್ರವನ್ನು ಬಲವಂತವಾಗಿ ಬಿಗಿದರೆ ಸ್ಟಡ್‌ಗಳು ಬಾಗುತ್ತವೆ ಮತ್ತು ನಟ್‌ಗಳು ತಮ್ಮ ಪೀಠದಲ್ಲಿ ಪೂರ್ಣವಾಗಿ ಕೂರುವುದಿಲ್ಲ.

ಆರು ಅಥವಾ ಎಂಟು ಬೋಲ್ಟ್‌ಗಳಿರುವಲ್ಲಿ ಎದುರುಬದುರಾದ ಎರಡು ಸ್ಟಡ್‌ಗಳ ಕೇಂದ್ರಗಳ ನಡುವಿನ ದೂರವೇ ಪಿ.ಸಿ.ಡಿ. ಆಗಿರುತ್ತದೆ. ಐದು ಬೋಲ್ಟ್‌ಗಳಿರುವಲ್ಲಿ ಅಕ್ಕಪಕ್ಕದ ಸ್ಟಡ್‌ಗಳ ಕೇಂದ್ರಗಳ ನಡುವಿನ ದೂರವನ್ನು 0.588ರಿಂದ ಭಾಗಿಸಬೇಕು. 5×135ರಲ್ಲಿ ಈ ದೂರ ಸುಮಾರು 79.4 ಮಿ.ಮೀ., 5×139.7ರಲ್ಲಿ ಸುಮಾರು 82.1 ಮಿ.ಮೀ. ಇರುತ್ತದೆ.

ನಡುರಂಧ್ರ

ಕಾರ್ಖಾನೆ ಚಕ್ರಗಳ ನಡುರಂಧ್ರವು ಹಬ್‌ನ ಅಂಚಿನ ಮೇಲೆ ನಿಖರವಾಗಿ ಕೂತು ಚಕ್ರವನ್ನು ಕೇಂದ್ರದಲ್ಲಿರಿಸುತ್ತದೆ. ರಂಧ್ರವು ಹಬ್‌ಗಿಂತ ದೊಡ್ಡದಾದರೆ ಅಂತರವನ್ನು ತುಂಬುವ ಉಂಗುರವನ್ನು ಬಳಸಬಹುದು. ಚಿಕ್ಕದಾದರೆ ಚಕ್ರವು ಹಬ್‌ಗೆ ತಾಗಿ ಕೂರುವುದೇ ಇಲ್ಲ. ಷೆವ್ರೊಲೆಯ 1973–87ರ ನಾಲ್ಕು ಚಕ್ರ ಚಾಲನೆಯ ಅರ್ಧ ಟನ್ ಪಿಕಪ್‌ಗಳು ಇದಕ್ಕೆ ಉದಾಹರಣೆ. ಅವುಗಳ ಪಿ.ಸಿ.ಡಿ. ಇಂದಿನ ಸಿಲ್ವರಾಡೊ 1500ರಂತೆಯೇ 6×139.7. ಆದರೂ ಮುಂದಿನ ಆಕ್ಸಲ್‌ನ ದಪ್ಪನಾದ ಲಾಕಿಂಗ್ ಹಬ್ ಹೊಸ ಚಕ್ರದ 78.1 ಮಿ.ಮೀ. ರಂಧ್ರದಲ್ಲಿ ತೂರುವುದಿಲ್ಲ.

ಆಫ್‌ಸೆಟ್ ಮತ್ತು ಅಗಲ

ಚಕ್ರದ ಅಗಲದ ಮಧ್ಯರೇಖೆಗೂ ಅದು ಹಬ್‌ಗೆ ತಾಗುವ ಮೇಲ್ಮೈಗೂ ಇರುವ ಅಂತರವೇ ಆಫ್‌ಸೆಟ್. ಇದು ಧನಾತ್ಮಕವಾಗಿ ಹೆಚ್ಚಿದಷ್ಟೂ ಚಕ್ರವು ವಾಹನದ ಒಳಭಾಗಕ್ಕೆ ಸರಿಯುತ್ತದೆ. ಉದಾಹರಣೆಗೆ, 8 ಇಂಚು ಅಗಲದ ಶೂನ್ಯ ಆಫ್‌ಸೆಟ್ ಚಕ್ರದ ಬದಲು 9 ಇಂಚು ಅಗಲದ +30 ಮಿ.ಮೀ. ಆಫ್‌ಸೆಟ್ ಚಕ್ರವನ್ನು ಹಾಕಿದರೆ ಒಳಅಂಚು 42.7 ಮಿ.ಮೀ. ಒಳಕ್ಕೆ ಬರುತ್ತದೆ: 30 ಮಿ.ಮೀ. ಆಫ್‌ಸೆಟ್‌ನಿಂದ, 12.7 ಮಿ.ಮೀ. ಹೆಚ್ಚಿದ ಅಗಲದಿಂದ. ಆಗ ಟೈರ್ ಅಥವಾ ರಿಮ್ ಸ್ಟಿಯರಿಂಗ್‌ನ ಭಾಗಗಳಿಗೆ, ಸಸ್ಪೆನ್ಷನ್ ತೋಳಿಗೆ ಇಲ್ಲವೆ ಬ್ರೇಕ್ ಕೊಳವೆಗೆ ಉಜ್ಜಬಹುದು. ಆದ್ದರಿಂದ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಕುಗ್ಗಿದ ಸ್ಥಿತಿಯಲ್ಲಿಯೂ ಪರೀಕ್ಷಿಸುವುದು ಅಗತ್ಯ.

ನಟ್‌ಗಳು

ನಟ್‌ನ ಥ್ರೆಡ್ ಹಳೆಯ ಟ್ರಕ್‌ನ ಸ್ಟಡ್‌ಗೆ ಹೊಂದಬೇಕು. ಅದರ ಪೀಠದ ಆಕಾರ ಹೊಸ ಚಕ್ರಕ್ಕೆ ಹೊಂದಬೇಕು. 2004–14ರ ಎಫ್-150ರ ಸ್ಟಡ್‌ಗಳು 14 ಮಿ.ಮೀ. ವ್ಯಾಸ ಮತ್ತು 2.0 ಮಿ.ಮೀ. ಪಿಚ್ ಹೊಂದಿವೆ, 2015ರಿಂದ ವ್ಯಾಸ ಅಷ್ಟೇ ಇದ್ದು ಪಿಚ್ 1.5 ಮಿ.ಮೀ.ಗೆ ಇಳಿದಿದೆ. ಎರಡರ ಪಿ.ಸಿ.ಡಿ.ಯೂ 6×135 ಆಗಿರುವುದರಿಂದ ಹೊಸ ಚಕ್ರವು ಹಳೆಯ ಟ್ರಕ್‌ಗೆ ಕೂರುತ್ತದೆ, ಆದರೆ ಅದರೊಡನೆ ಬಂದ ನಟ್‌ಗಳನ್ನು ಬಳಸುವಂತಿಲ್ಲ. ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ.

ನಟ್‌ಗಳನ್ನು ವಾಹನದ ಕೈಪಿಡಿಯಲ್ಲಿ ಸೂಚಿಸಿದ ಬಲಕ್ಕೆ, ಎದುರುಬದುರಾದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಸುಮಾರು 80ರಿಂದ 160 ಕಿ.ಮೀ. ಚಲಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು.

ಟೈರ್ ಗಾತ್ರ ಮತ್ತು ಭಾರ ಸಾಮರ್ಥ್ಯ

ಹೊಸ ಚಕ್ರಗಳು ಸಾಮಾನ್ಯವಾಗಿ ದೊಡ್ಡದಾಗಿರುವುದರಿಂದ ಹಳೆಯ ಟ್ರಕ್‌ನ ಬ್ರೇಕ್‌ಗಳಿಗೆ ಸಾಕಷ್ಟು ಜಾಗ ಉಳಿಯುತ್ತದೆ. ಆದರೆ ಟೈರ್‌ನ ಒಟ್ಟು ವ್ಯಾಸ ಬದಲಾಗಬಹುದು. 245/75 ಆರ್ 16 ಟೈರ್‌ನ ವ್ಯಾಸ ಸುಮಾರು 774 ಮಿ.ಮೀ., 275/55 ಆರ್ 20 ಟೈರ್‌ನದು ಸುಮಾರು 810 ಮಿ.ಮೀ. ಇದರಿಂದಾಗಿ, ಮೊದಲು ನಿಖರವಾಗಿದ್ದ ಸ್ಪೀಡೋಮೀಟರ್ ಗಂಟೆಗೆ 100 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 104.7 ಕಿ.ಮೀ. ಆಗಿರುತ್ತದೆ. ಓಡೋಮೀಟರ್ ಕೂಡ ಅದೇ ಪ್ರಮಾಣದಲ್ಲಿ ಕಡಿಮೆ ದೂರವನ್ನು ತೋರಿಸುತ್ತದೆ.

ಪ್ರಯಾಣಿಕ ವಾಹನಗಳ ಪಿ ವರ್ಗದ ಟೈರನ್ನು ಪಿಕಪ್‌ಗೆ ಬಳಸುವಾಗ ಅದರ ಭಾರ ಸಾಮರ್ಥ್ಯವನ್ನು 1.10ರಿಂದ ಭಾಗಿಸಬೇಕೆಂಬುದು ಅಮೆರಿಕದ ನಿಯಮ. 113 ಭಾರ ಸೂಚ್ಯಂಕದ ಟೈರ್ 1,150 ಕೆ.ಜಿ. ಹೊರಬಲ್ಲದು, ಪಿಕಪ್‌ನಲ್ಲಿ ಇದನ್ನು ಸುಮಾರು 1,045 ಕೆ.ಜಿ. ಎಂದು ಪರಿಗಣಿಸಬೇಕು. ಸರಕು ಹೇರುವ ಅಥವಾ ಟ್ರೇಲರ್ ಎಳೆಯುವ ಟ್ರಕ್‌ಗಳಲ್ಲಿ ಈ ಅಂತರ ಗಣನೀಯ. ಚಕ್ರದ ಭಾರ ಸಾಮರ್ಥ್ಯವೂ ಹಳೆಯ ಟ್ರಕ್‌ನ ಆಕ್ಸಲ್ ಭಾರಕ್ಕೆ ಸಾಲುವಂತಿರಬೇಕು.

ಅಡಾಪ್ಟರ್‌ಗಳು

ಪಿ.ಸಿ.ಡಿ. ಹೊಂದದಿದ್ದಾಗ ಹಬ್ ಮತ್ತು ಚಕ್ರದ ನಡುವೆ ಲೋಹದ ಅಡಾಪ್ಟರ್ ಅಳವಡಿಸುವುದುಂಟು. 5×135 ಹಬ್ ಇರುವ ಎಫ್-150ಗೆ 6×135 ಚಕ್ರ ಹಾಕಲು ಇಂತಹ ಅಡಾಪ್ಟರ್ ಬೇಕಾಗುತ್ತದೆ. ಅಡಾಪ್ಟರ್ ತನ್ನ ದಪ್ಪದಷ್ಟು ಚಕ್ರವನ್ನು ಹೊರಕ್ಕೆ ತಳ್ಳುತ್ತದೆ. ಹೆಚ್ಚು ಧನಾತ್ಮಕ ಆಫ್‌ಸೆಟ್ ಇರುವ ಹೊಸ ಚಕ್ರದಲ್ಲಿ ಇದು ಒಳಸರಿತವನ್ನು ಭಾಗಶಃ ಸರಿದೂಗಿಸಬಹುದು. ಆದರೆ ಬಿಗಿತ ಪರೀಕ್ಷಿಸಬೇಕಾದ ಜೋಡಣೆಗಳು ಒಂದರ ಬದಲು ಎರಡಾಗುತ್ತವೆ. ಮೊದಲ ಜೋಡಣೆಯು ಚಕ್ರದ ಹಿಂದೆ ಮರೆಯಾಗಿರುವುದರಿಂದ, ಅದನ್ನು ನೋಡಲು ಪ್ರತಿ ಸಲವೂ ಚಕ್ರವನ್ನು ಬಿಚ್ಚಬೇಕಾಗುತ್ತದೆ.

ಒತ್ತಡ ಸಂವೇದಕಗಳು

ಅಮೆರಿಕದಲ್ಲಿ 2007ರ ಸೆಪ್ಟೆಂಬರ್ 1ರಿಂದ ತಯಾರಾದ ಲಘು ವಾಹನಗಳಲ್ಲಿ ಟೈರ್ ಒತ್ತಡ ಎಚ್ಚರಿಕೆ ವ್ಯವಸ್ಥೆ ಕಡ್ಡಾಯವಾಗಿದೆ. ಹೊಸ ಚಕ್ರಗಳೊಳಗಿನ ಸಂವೇದಕಗಳ ಸಂಕೇತಗಳನ್ನು ಈ ವ್ಯವಸ್ಥೆಯಿಲ್ಲದ ಹಳೆಯ ಟ್ರಕ್ ಗ್ರಹಿಸುವುದಿಲ್ಲ. ಅವು ಕೇವಲ ಗಾಳಿ ತುಂಬುವ ವಾಲ್ವ್‌ಗಳಾಗಿ ಉಳಿಯುವುದರಿಂದ, ಟೈರ್ ಒತ್ತಡವನ್ನು ಮಾಪಕದಿಂದಲೇ ನೋಡಿಕೊಳ್ಳಬೇಕಾಗುತ್ತದೆ.