ಏಡ್ಸ್ ಎದುರು ನಿಂತ ಉಗಾಂಡದ ಇಮಾಮರು: ಯುವಜನರಿಗೆ ಶೀಲದ ಪಾಠ

ವ್ಯಭಿಚಾರದ ಹತ್ತಿರವೂ ಸುಳಿಯಬಾರದು ಎಂಬುದು ಪವಿತ್ರ ಕುರ್‌ಆನ್‌ನ ಆದೇಶ (17:32). ಹತ್ತಿರ ಸುಳಿಯದಿರಬೇಕಾದರೆ ಅದರ ಕಡೆಗೆ ಒಯ್ಯುವ ದಾರಿಗಳು ಯಾವುವೆಂದು ಮೊದಲು ತಿಳಿದಿರಬೇಕು. ಹದಿನಾರರ ಹುಡುಗನಿಗೆ, ಹದಿನೈದರ ಹುಡುಗಿಗೆ ಆ ದಾರಿಗಳನ್ನು ತೋರಿಸಿ ಎಚ್ಚರಿಸುವವರು ಯಾರು? ತಂದೆಗೆ ಸಂಕೋಚ. ತಾಯಿ ಮಾತು ಬದಲಿಸುತ್ತಾಳೆ. ಖತೀಬರು ಎರಡು ವಾಕ್ಯಗಳಲ್ಲಿ ವಿಷಯ ಮುಗಿಸಿ ಮುಂದೆ ಹೋಗುತ್ತಾರೆ. ಉಳಿದದ್ದನ್ನು ಗೆಳೆಯರೂ ಮೊಬೈಲೂ ಕಲಿಸಿಕೊಡುತ್ತವೆ.

ಈ ಮೌನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಪೂರ್ವ ಆಫ್ರಿಕಾದ ಉಗಾಂಡ ದೇಶ ಕಣ್ಣಾರೆ ಕಂಡಿತು. ಅಲ್ಲಿನ ಮಸೀದಿಗಳು ಆ ಮೌನವನ್ನು ಮುರಿದ ಬಗೆ ನಮ್ಮ ಮನೆಗಳಿಗೂ ಪಾಠವಾಗಬಲ್ಲದು.

ರೋಗ ಬಂದ ಹೊತ್ತು

1980ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ಸರೋವರದ ದಡದ ರಕಾಯಿ ಪ್ರದೇಶದಲ್ಲಿ ಜನರು ಸೊರಗಿ ಸೊರಗಿ ಸಾಯತೊಡಗಿದರು. ದೇಹ ಕಡ್ಡಿಯಂತಾಗುತ್ತಿದ್ದುದರಿಂದ ಜನರು ಆ ರೋಗವನ್ನು ‘ಸ್ಲಿಮ್’ ಎಂದು ಕರೆದರು. ಮಾಟ ಮಂತ್ರವೆಂದು ನಂಬಿದವರೂ ಇದ್ದರು. 1990ರ ದಶಕದ ಆರಂಭದ ಹೊತ್ತಿಗೆ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಎಚ್‌ಐವಿ ಸೋಂಕು ತಗಲಿತ್ತೆಂದು ಅಂದಾಜು. ದುಡಿಯುವ ವಯಸ್ಸಿನ ತಂದೆ ತಾಯಂದಿರು ತೀರಿಹೋಗಿ, ಅಜ್ಜಿಯರ ಮಡಿಲಲ್ಲಿ ಮೊಮ್ಮಕ್ಕಳು ಉಳಿದರು.

1986ರಲ್ಲಿ ಅಧಿಕಾರಕ್ಕೆ ಬಂದ ಯೊವೆರಿ ಮುಸೆವೆನಿ ಅವರ ಸರಕಾರ ರೋಗವನ್ನು ಮುಚ್ಚಿಡಲಿಲ್ಲ. ಆಗಿನ ಪ್ರಚಾರದಲ್ಲಿ ಬಹಳ ಹೆಸರಾದ ಮಾತು ‘ಝೀರೋ ಗ್ರೇಜಿಂಗ್’. ಗೂಟಕ್ಕೆ ಕಟ್ಟಿದ ದನ ಹಗ್ಗದ ಅಳತೆಯೊಳಗೇ ಮೇಯುತ್ತದೆ. ಹಾಗೆಯೇ ಗಂಡ ಹೆಂಡಿರು ತಮ್ಮ ಮನೆಯ ಎಲ್ಲೆ ದಾಟಬಾರದು ಎಂಬ ಅರ್ಥ. ದನ ಕಾಯುವ ರೈತನಿಗೂ ಅರ್ಥವಾಗುವ ಭಾಷೆ ಅದು. 1989ರಲ್ಲಿ ಫಿಲಿ ಲುತಾಯ ಎಂಬ ಪ್ರಸಿದ್ಧ ಗಾಯಕ ತನಗೆ ಏಡ್ಸ್ ಇದೆಯೆಂದು ಬಹಿರಂಗವಾಗಿ ಹೇಳಿದಾಗ, ಇದು ಯಾರಿಗೂ ಬರಬಹುದಾದ ರೋಗವೆಂದು ಜನರಿಗೆ ಮನವರಿಕೆಯಾಯಿತು.

ಮಿಂಬರ್‌ನಿಂದ ಮನೆ ಬಾಗಿಲಿಗೆ

ಉಗಾಂಡದಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರು. 2002ರ ಜನಗಣತಿಯಂತೆ ನೂರಕ್ಕೆ ಹನ್ನೆರಡು ಮಂದಿ. ಆ ಸಮುದಾಯದ ವೈದ್ಯರು 1988ರಲ್ಲಿ ಉಗಾಂಡ ಇಸ್ಲಾಮಿಕ್ ವೈದ್ಯಕೀಯ ಸಂಘವನ್ನು ಕಟ್ಟಿದರು. ವೈದ್ಯ ಡಾ. ಮಾಗಿದ್ ಕಗಿಮು ಅದರ ಮುಂಚೂಣಿಯಲ್ಲಿದ್ದರು. ಮರುವರ್ಷ ದೇಶದ ಮುಫ್ತಿಯವರು ಏಡ್ಸ್ ವಿರುದ್ಧ ಜಿಹಾದ್ ಘೋಷಿಸಿದರು. ತನ್ನ ನಫ್ಸ್‌ನ ಮೇಲೆ ಹತೋಟಿ ಸಾಧಿಸುವುದು, ಅಜ್ಞಾನವನ್ನು ಓಡಿಸುವುದು, ರೋಗಿಯ ಆರೈಕೆ ಮಾಡುವುದು ಆ ಜಿಹಾದ್‌ನ ಕೆಲಸಗಳು.

1992ರಲ್ಲಿ ಇಮಾಮರ ಮೂಲಕ ಕುಟುಂಬಗಳಿಗೆ ಏಡ್ಸ್ ಶಿಕ್ಷಣ ನೀಡುವ ಯೋಜನೆ ಆರಂಭವಾಯಿತು. ವೈದ್ಯರು ಮೊದಲು ಇಮಾಮರಿಗೆ ತರಬೇತಿ ಕೊಟ್ಟರು. ಪ್ರತಿ ಇಮಾಮರ ಜೊತೆಗೆ ಒಬ್ಬ ಪುರುಷ, ಒಬ್ಬ ಮಹಿಳೆ ಸಹಾಯಕರು. ಅವರ ಕೈಕೆಳಗೆ ಮನೆಮನೆಗೆ ಹೋಗುವ ಸ್ವಯಂಸೇವಕರು. ಜುಮಾ ಖುತ್ಬಾದಲ್ಲಿ, ನಿಕಾಹ್ ಸಮಾರಂಭದಲ್ಲಿ, ಮಯ್ಯಿತ್ ಮನೆಯಲ್ಲಿ ಈ ವಿಷಯದ ಮಾತು ಬಂತು. ಹೆಂಗಸರಿಗೆ ಹೆಂಗಸರೇ ಹೇಳಿದರು. ಮುಂದೆ ಮದ್ರಸದ ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕ ಪಾಠಗಳು ಸಿದ್ಧವಾದವು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ 1998ರಲ್ಲಿ ಈ ಕೆಲಸವನ್ನು ಇತರ ದೇಶಗಳಿಗೆ ಮಾದರಿಯೆಂದು ಗುರುತಿಸಿತು. 2001ರಲ್ಲಿ ಎಚ್‌ಐವಿ ಕುರಿತ ಮುಸ್ಲಿಮ್ ನಾಯಕರ ಮೊದಲ ಅಂತಾರಾಷ್ಟ್ರೀಯ ಸಮಾಲೋಚನೆ ನಡೆದದ್ದೂ ಉಗಾಂಡದ ಕಂಪಾಲಾದಲ್ಲೇ.

ಕೆಲಸ ಆರಂಭಿಸುವಾಗ ಜನರಿಗಿದ್ದ ತಿಳಿವಳಿಕೆಯ ಕೊರತೆ ವೈದ್ಯರ ಗಮನಕ್ಕೆ ಬಂತು. ಸೋಂಕಿತ ವ್ಯಕ್ತಿ ವರ್ಷಗಟ್ಟಲೆ ಆರೋಗ್ಯವಂತನಂತೆಯೇ ಕಾಣಬಹುದು ಎಂಬುದು ಹಲವರಿಗೆ ಗೊತ್ತಿರಲಿಲ್ಲ. ತಾಯಿಯಿಂದ ಮಗುವಿಗೆ ಸೋಂಕು ದಾಟಬಹುದೆಂಬುದೂ ತಿಳಿದಿರಲಿಲ್ಲ. ಒಂದೇ ಬ್ಲೇಡಿನಿಂದ ಹಲವು ಮಕ್ಕಳಿಗೆ ಖತ್ನ ಮಾಡುವುದು, ಕೈಗವಸಿಲ್ಲದೆ ರಕ್ತ ಸೋರುವ ಮಯ್ಯಿತ್‌ಗೆ ಸ್ನಾನ ಮಾಡಿಸುವುದು ಅಪಾಯಕಾರಿ ಎಂಬ ಎಚ್ಚರವೂ ಇರಲಿಲ್ಲ. ಇಮಾಮರು ಇವೆಲ್ಲವನ್ನೂ ಕಲಿತು ಕಲಿಸಿದರು. ಧರ್ಮದ ಮಾತು ಮತ್ತು ವೈದ್ಯರ ಮಾತು ಒಂದೇ ಬಾಯಿಂದ ಬಂದಾಗ ಜನ ನಂಬಿದರು.

ಕಷ್ಟದ ಪ್ರಶ್ನೆ

ಈ ದಾರಿ ಸುಗಮವಾಗಿರಲಿಲ್ಲ. ಕಾಂಡೋಮ್ ವಿಷಯದಲ್ಲಿ ಇಮಾಮರು ಮತ್ತು ವೈದ್ಯರ ನಡುವೆ ಗಂಭೀರ ಚರ್ಚೆಯಾಯಿತು. ಅದರ ಹೆಸರೆತ್ತಿದರೇ ಪಾಪಕ್ಕೆ ಪರವಾನಗಿ ಕೊಟ್ಟಂತೆ ಎಂಬ ಅಂಜಿಕೆ ಹಲವು ಇಮಾಮರಿಗಿತ್ತು. ಆದರೆ ಗಂಡನಿಗೆ ಸೋಂಕಿದ್ದು ಹೆಂಡತಿಗೆ ಇಲ್ಲದಿದ್ದರೆ? ಅವಳ ಜೀವ ಉಳಿಸುವುದು ಯಾರ ಹೊಣೆ? ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬೇಡಿ ಎಂಬರ್ಥದ ದೇವವಚನವನ್ನು (2:195) ಮುಂದಿಟ್ಟುಕೊಂಡು ಅವರು ಚರ್ಚಿಸಿದರು. ಕೊನೆಗೆ ಒಂದು ಕ್ರಮಕ್ಕೆ ಬಂದರು: ಮದುವೆಗೆ ಮುನ್ನ ಸಂಯಮ, ಮದುವೆಯ ನಂತರ ನಿಷ್ಠೆ, ಇವು ಅಡಿಪಾಯ. ಅದರ ಜೊತೆಗೆ, ಜೀವರಕ್ಷಣೆಗಾಗಿ ಕಾಂಡೋಮ್‌ನ ಜವಾಬ್ದಾರಿಯುತ ಬಳಕೆಯ ತಿಳಿವಳಿಕೆಯನ್ನೂ ಕೊಡಬಹುದು. ಶೀಲದ ಸ್ಥಾನ ಇದರಿಂದ ಕೆಳಗಿಳಿಯಲಿಲ್ಲ. ನಿರಪರಾಧಿ ಪತ್ನಿಯ ಜೀವಕ್ಕೂ ಸ್ಥಾನ ಸಿಕ್ಕಿತು.

ಫಲ ಏನಾಯಿತು?

ಉಗಾಂಡದಲ್ಲಿ ಸೋಂಕಿನ ಪ್ರಮಾಣ ಇಳಿಯಿತು. 2004–05ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 6.4 ಎಂದು ದಾಖಲಾಯಿತು. ಇದಕ್ಕೆ ಅನೇಕ ಸಾವುಗಳೂ ಒಂದು ಕಾರಣವೆಂಬುದು ನೋವಿನ ಸತ್ಯ. ಆದರೂ ವಿವಾಹಬಾಹಿರ ಸಂಬಂಧಗಳು ಗಣನೀಯವಾಗಿ ಕಡಿಮೆಯಾದವೆಂದೂ, ಜನರು ಈ ರೋಗದ ಬಗ್ಗೆ ನೆರೆಹೊರೆಯವರಿಂದ, ಬಂಧುಗಳಿಂದ, ಮುಖಾಮುಖಿ ಮಾತಿನಿಂದ ತಿಳಿದುಕೊಂಡದ್ದು ಉಗಾಂಡದ ವೈಶಿಷ್ಟ್ಯವೆಂದೂ ಸಂಶೋಧಕರು ಬರೆದಿದ್ದಾರೆ. 2011ರ ಸಮೀಕ್ಷೆಯಲ್ಲಿ ಪ್ರಮಾಣ ಶೇ. 7.3ಕ್ಕೆ ಏರಿತು. ಚಿಕಿತ್ಸೆಯಿಂದ ರೋಗಿಗಳು ಹೆಚ್ಚು ಕಾಲ ಬದುಕುತ್ತಿರುವುದು ಇದಕ್ಕೆ ಒಂದು ಕಾರಣ. ಹೊಸ ಸೋಂಕು ನಿಲ್ಲದೇ ಇದ್ದದ್ದು ಇನ್ನೊಂದು. ಒಂದು ತಲೆಮಾರಿಗೆ ಕಲಿಸಿದ ಪಾಠವನ್ನು ಮುಂದಿನ ತಲೆಮಾರಿಗೆ ಮತ್ತೆ ಮೊದಲಿಂದ ಕಲಿಸಬೇಕು.

‘ಬೇಡ’ ಎಂದರಷ್ಟೇ ಸಾಕೇ?

ಇಲ್ಲಿ ಎಚ್ಚರದಿಂದ ಗಮನಿಸಬೇಕಾದ ಇನ್ನೊಂದು ಅನುಭವವಿದೆ. 2004ರಿಂದ 2013ರವರೆಗೆ ಆಫ್ರಿಕಾದ ಹಲವು ದೇಶಗಳಲ್ಲಿ ಸಂಯಮ ಮತ್ತು ನಿಷ್ಠೆಯ ಪ್ರಚಾರಕ್ಕೆಂದು ಅಮೆರಿಕ ಸರಕಾರ 140 ಕೋಟಿ ಡಾಲರಿಗೂ ಹೆಚ್ಚು ಹಣ ಖರ್ಚು ಮಾಡಿತು. ಅದರಿಂದ ಯುವಜನರ ನಡವಳಿಕೆ ಬದಲಾಯಿತೇ ಎಂದು 22 ದೇಶಗಳ ಮಾಹಿತಿಯನ್ನು ಪರಿಶೀಲಿಸಿದ ಸಂಶೋಧಕರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಕೀನ್ಯಾದ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ ಕಾರಣವನ್ನು ಸ್ವಲ್ಪ ತಿಳಿಸುತ್ತದೆ. ಸಂಯಮವನ್ನಷ್ಟೇ ಬೋಧಿಸುವ ಸರಕಾರಿ ಪಾಠದಿಂದ ಹದಿಹರೆಯದ ಗರ್ಭಧಾರಣೆ ಕಡಿಮೆಯಾಗಲಿಲ್ಲ. ಆದರೆ ವಯಸ್ಸಾದ ಗಂಡಸರಲ್ಲಿ ಸೋಂಕು ಎಷ್ಟು ಹೆಚ್ಚು ಎಂದು ಲೆಕ್ಕ ಸಮೇತ ಹೇಳಿದ ಕಡೆ ಅದು ಶೇ. 28ರಷ್ಟು ಇಳಿಯಿತು. ಅಲ್ಲಿ ಹುಡುಗಿಯರಿಗೆ ಅಪಾಯ ಬರುತ್ತಿದ್ದುದು ಉಡುಗೊರೆ, ಶಾಲಾ ಶುಲ್ಕ, ಮೊಬೈಲ್ ಕೊಡಿಸುವ ಹಿರಿಯ ಗಂಡಸರಿಂದ. ಬೋಟ್ಸ್ವಾನಾದಲ್ಲಂತೂ ಪ್ರೌಢಶಿಕ್ಷಣದ ಒಂದು ವರ್ಷ ಹೆಚ್ಚಾದರೆ ಸೋಂಕಿನ ಅಪಾಯ ಎಂಟು ಶೇಕಡಾವಾರು ಅಂಕಗಳಷ್ಟು ತಗ್ಗುತ್ತದೆಂದು ಕಂಡುಬಂತು. ಹುಡುಗಿಯರಿಗೆ ಇದರ ಲಾಭ ಇನ್ನೂ ಹೆಚ್ಚು. ಮಗಳನ್ನು ಶಾಲೆ ಬಿಡಿಸದೆ ಓದಿಸುವುದೂ ಅವಳ ಶೀಲರಕ್ಷಣೆಯೇ.

ಸೂರಃ ಅನ್ನೂರ್ ಈ ಮಾತನ್ನು ಎಷ್ಟು ಸ್ಪಷ್ಟವಾಗಿ ಹೇಳಿದೆ ನೋಡಿ. ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೆ (24:30), ನಂತರ ಸ್ತ್ರೀಯರಿಗೆ (24:31). ಮದುವೆಗೆ ಅನುಕೂಲವಿಲ್ಲದವರು ಶೀಲ ಕಾಯ್ದುಕೊಳ್ಳಲಿ ಎಂದು ತಿಳಿಸುವ ಸೂಕ್ತವೇ (24:33), ಲೌಕಿಕ ಲಾಭಕ್ಕಾಗಿ ಹೆಣ್ಣುಮಕ್ಕಳನ್ನು ವೇಶ್ಯಾವೃತ್ತಿಗೆ ದೂಡುವುದನ್ನೂ ನಿಷೇಧಿಸುತ್ತದೆ. ಬಡ ಹುಡುಗಿಗೆ ಶೀಲದ ಉಪದೇಶ ಮಾಡಿ, ಅವಳ ಬಡತನವನ್ನು ಬಳಸಿಕೊಳ್ಳುವ ಗಂಡಸನ್ನು ಪ್ರಶ್ನಿಸದೆ ಬಿಡುವ ಸಮಾಜ ಆ ಸೂಕ್ತದ ಅರ್ಧವನ್ನಷ್ಟೇ ಓದಿದೆ.

ಪ್ರವಾದಿಯವರ(ಸ) ಬೋಧನಾ ಕ್ರಮ

ಇಮಾಮ್ ಅಹ್ಮದ್‌ರ ಸಂಗ್ರಹದಲ್ಲಿ ಅಬೂ ಉಮಾಮ(ರ) ವರದಿ ಮಾಡಿದ ಘಟನೆಯೊಂದಿದೆ. ಯುವಕನೊಬ್ಬ ಪ್ರವಾದಿ(ಸ) ಅವರ ಬಳಿಗೆ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ಸುತ್ತಲಿದ್ದವರು ಅವನನ್ನು ಗದರಿದರು. ಪ್ರವಾದಿ(ಸ) ಅವನನ್ನು ಹತ್ತಿರ ಕರೆದು ಕೂರಿಸಿಕೊಂಡರು. ನಿನ್ನ ತಾಯಿಯ ವಿಷಯದಲ್ಲಿ ಇದನ್ನು ನೀನು ಒಪ್ಪುವೆಯಾ ಎಂದು ಕೇಳಿದರು. ಇಲ್ಲವೆಂದ. ಮಗಳು, ಸಹೋದರಿ, ಸೋದರತ್ತೆ, ಚಿಕ್ಕಮ್ಮ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಪ್ರತಿ ಸಲವೂ ಇಲ್ಲವೆಂದೇ ಉತ್ತರ. ಜನರೂ ತಮ್ಮವರ ವಿಷಯದಲ್ಲಿ ಅದನ್ನು ಒಪ್ಪುವುದಿಲ್ಲವೆಂದು ತಿಳಿಸಿ, ಅವನ ಮೇಲೆ ಕೈಯಿಟ್ಟು, ಅವನ ಪಾಪಕ್ಷಮೆಗೆ, ಹೃದಯಶುದ್ಧಿಗೆ, ಶೀಲರಕ್ಷಣೆಗೆ ಪ್ರಾರ್ಥಿಸಿದರು. ಆ ಬಳಿಕ ಆ ಯುವಕ ಅತ್ತ ಮುಖ ಮಾಡಲಿಲ್ಲ.

ಪ್ರಶ್ನೆ ಕೇಳಿದವನನ್ನು ಓಡಿಸಲಿಲ್ಲ, ಅವನ ವಿವೇಕವನ್ನು ಎಬ್ಬಿಸಿದರು, ಕೊನೆಗೆ ದುಆ ಮಾಡಿದರು. ಮದುವೆಯಾಗಲು ಸಾಧ್ಯವಿರುವ ಯುವಕರಿಗೆ ಮದುವೆಯ ದಾರಿಯನ್ನೂ, ಸಾಧ್ಯವಿಲ್ಲದವರಿಗೆ ಉಪವಾಸದ ಗುರಾಣಿಯನ್ನೂ ತೋರಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಂದರೆ ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆದಿಟ್ಟರು. ವರದಕ್ಷಿಣೆ, ಆಡಂಬರಗಳಿಂದ ನಿಕಾಹನ್ನು ಕಷ್ಟಮಾಡಿಟ್ಟು ಯುವಕರಿಗೆ ಸಂಯಮ ಬೋಧಿಸುವ ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಸೋಂಕಿತರ ಜೊತೆ ನಾವು

ಏಡ್ಸ್ ಎಂದೊಡನೆ ಪಾಪದ ಫಲ ಎಂದು ತೀರ್ಪು ಕೊಡುವವರಿದ್ದಾರೆ. ಗಂಡನಿಂದ ಸೋಂಕು ಪಡೆದ ಶೀಲವಂತ ಪತ್ನಿ, ಹುಟ್ಟುವಾಗಲೇ ಪಡೆದ ಮಗು, ಪರೀಕ್ಷಿಸದ ರಕ್ತ ಪಡೆದ ರೋಗಿ ಯಾವ ಪಾಪ ಮಾಡಿದ್ದರು? ಇನ್ನು, ತಪ್ಪು ಮಾಡಿದವನಿಗೂ ತೌಬಾದ ಬಾಗಿಲು ತೆರೆದೇ ಇದೆ. ಅದನ್ನು ಮುಚ್ಚುವ ಅಧಿಕಾರ ನಮಗಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2000ದಲ್ಲಿ ವಿದ್ವಾಂಸ ಫರೀದ್ ಇಸಾಕ್ ಮತ್ತು ಸಂಗಡಿಗರು ‘ಪಾಸಿಟಿವ್ ಮುಸ್ಲಿಮ್ಸ್’ ಎಂಬ ಸಂಘಟನೆ ಕಟ್ಟಿದ್ದು ಇಂಥವರಿಗೆ ಕರುಣೆಯ ಆಸರೆ ನೀಡಲೆಂದೇ. ನಿಂದೆಯ ಭಯವಿರುವ ಕಡೆ ಯಾರೂ ಪರೀಕ್ಷೆಗೆ ಬರುವುದಿಲ್ಲ. ಪರೀಕ್ಷೆಯಿಲ್ಲದ ಕಡೆ ರೋಗ ಸದ್ದಿಲ್ಲದೆ ಹಬ್ಬುತ್ತದೆ.

ಕೈ ಕುಲುಕುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸಫ್‌ನಲ್ಲಿ ಪಕ್ಕ ನಿಲ್ಲುವುದರಿಂದ, ವುಝೂವಿನ ನೀರಿನಿಂದ ಎಚ್‌ಐವಿ ಬರುವುದಿಲ್ಲ. ಪ್ರತಿದಿನ ಔಷಧ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ. ಗರ್ಭಿಣಿ ಚಿಕಿತ್ಸೆ ಪಡೆದರೆ ಮಗುವನ್ನೂ ಬಹುಮಟ್ಟಿಗೆ ಕಾಪಾಡಬಹುದು. ಖತ್ನದಿಂದ ಪುರುಷರಿಗೆ ಸೋಂಕಿನ ಅಪಾಯ ಸುಮಾರು ಶೇ. 60ರಷ್ಟು ತಗ್ಗುತ್ತದೆಂದು ಆಫ್ರಿಕಾದ ಮೂರು ಅಧ್ಯಯನಗಳು ತೋರಿಸಿವೆ. ಆದರೆ ಅದು ಪೂರ್ಣ ರಕ್ಷಣೆಯಲ್ಲ. ಖತ್ನ ಆಗಿದೆಯೆಂದು ನಿಶ್ಚಿಂತನಾಗುವ ಯುವಕ ತನ್ನನ್ನೇ ವಂಚಿಸಿಕೊಳ್ಳುತ್ತಾನೆ.

ನಮ್ಮ ಮನೆಗಳಲ್ಲಿ

ಮಕ್ಕಳು ಪ್ರಾಯಕ್ಕೆ ಬರುವ ಮೊದಲೇ ತಂದೆ ಮಗನೊಂದಿಗೆ, ತಾಯಿ ಮಗಳೊಂದಿಗೆ ಮಾತು ಆರಂಭಿಸಲಿ. ಸ್ನಾನ, ಶುದ್ಧಿಯ ಮಸ್‌ಅಲಾಗಳನ್ನು ಕಲಿಸುವ ವಯಸ್ಸು ಇದಕ್ಕೆ ಸಹಜವಾದ ಸಂದರ್ಭ. ಯೂಸುಫ್(ಅ) ಅವರ ಚರಿತ್ರೆಯನ್ನು ಮಕ್ಕಳಿಗೆ ಹೇಳಿ: ಪ್ರಾಯದ ಯುವಕ, ಮುಚ್ಚಿದ ಬಾಗಿಲು, ನೋಡುವವರಿಲ್ಲ, ಆದರೂ ಅಲ್ಲಾಹನ ಭಯದಿಂದ ಬಾಗಿಲ ಕಡೆ ಓಡಿದರು. ಮಗ ಕೆಟ್ಟ ಪ್ರಶ್ನೆ ಕೇಳಿದರೆ ಗದರಬೇಡಿ. ನಿಮ್ಮ ಬಳಿ ಕೇಳಿದನಲ್ಲ ಎಂದು ಅಲ್ಲಾಹನನ್ನು ಸ್ತುತಿಸಿ.

ನಿಕಾಹ್‌ಗೆ ಮುನ್ನ ವರ ಮತ್ತು ವಧು ಇಬ್ಬರೂ ಸಮ್ಮತಿಯಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅಪನಂಬಿಕೆಯಲ್ಲ, ಅಮಾನತ್‌ನ ರಕ್ಷಣೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ, ವಿವರ ಗುಟ್ಟಾಗಿರುತ್ತದೆ. 1097 ಉಚಿತ ಸಹಾಯವಾಣಿ. ಸೋಂಕಿತರ ವಿರುದ್ಧ ತಾರತಮ್ಯ ಮಾಡುವುದನ್ನು 2017ರ ಕಾನೂನು ನಿಷೇಧಿಸಿದೆ.

ಅಲ್ಲಾಹನು ನಮ್ಮ ಯುವಕ ಯುವತಿಯರ ಶೀಲವನ್ನು ಕಾಪಾಡಲಿ, ರೋಗಿಗಳಿಗೆ ಶಿಫಾ ನೀಡಲಿ, ತಪ್ಪಿದವರಿಗೆ ಮರಳುವ ದಾರಿಯನ್ನೂ ನಮಗೆ ಅವರನ್ನು ಬರಮಾಡಿಕೊಳ್ಳುವ ಹೃದಯವನ್ನೂ ಕರುಣಿಸಲಿ. ಆಮೀನ್.