ನಳಿಗೆಗೆ ಒಪ್ಪುವ ತೋಟಾ

2024ರ ಜುಲೈ 31. ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ಫ್ರಾನ್ಸಿನ ಶಾತೊರೂ ಎಂಬ ಊರಿನಲ್ಲಿ ನಡೆಯುತ್ತಿದ್ದವು. 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ವಿಭಾಗದ ಅರ್ಹತಾ ಸುತ್ತಿನಲ್ಲಿ ಭಾರತದ ಇಬ್ಬರಿದ್ದರು. ಮಂಡಿಯೂರಿ, ಮಲಗಿ, ನಿಂತು ತಲಾ 20ರಂತೆ ಒಟ್ಟು 60 ಗುಂಡು; ಪೂರ್ಣಾಂಕ 600. ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯಲ್ಲಿ ಹುಟ್ಟಿ, ಪುಣೆಯ ಬಾಲೇವಾಡಿಯಲ್ಲಿ ಪಳಗಿದ ಸ್ವಪ್ನಿಲ್ ಕುಸಾಳೆ 590 ಅಂಕ ಗಳಿಸಿ ಏಳನೆಯವರಾಗಿ ಫೈನಲ್ ತಲುಪಿದರು. ಐಶ್ವರ್ಯ ಪ್ರತಾಪ್ ಸಿಂಗ್ ತೋಮರ್ ಗಳಿಸಿದ್ದು 589. ಅವರಿಗೆ ಸಿಕ್ಕಿದ್ದು ಹನ್ನೊಂದನೆಯ ಸ್ಥಾನ. ಮರುದಿನ ಸ್ವಪ್ನಿಲ್ ಕಂಚಿನ ಪದಕ ಕೊರಳಿಗೆ ಹಾಕಿಕೊಂಡರು.

ಆ ಒಂದು ಅಂಕ ಹೋದದ್ದು ಯಾವುದರಿಂದ ಎಂದು ಹೊರಗಿನವರು ಹೇಳಲಾಗದು. ಆದರೆ ಈ ಆಟದಲ್ಲಿ ಒಂದು ಅಂಕದ ಬೆಲೆ ಎಷ್ಟೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಯುವಮಿತ್ರರೇ, ನಮ್ಮ ಕನ್ನಡ ಮನೆಗಳಿಂದಲೂ ಶಾಲೆ ಮುಗಿಸಿ ರೇಂಜಿಗೆ ಓಡುವವರಿದ್ದೀರಿ. ಏರ್ ರೈಫಲಿನಲ್ಲಿ ಕೈ ಕುದುರಿದ ಮೇಲೆ ಕೆಲವರು 50 ಮೀಟರಿನ .22 ರೈಫಲಿಗೆ ಬರುತ್ತೀರಿ. ಚಿಲಕದಂತೆ ಬೋಲ್ಟನ್ನು ಹಿಂದಕ್ಕೆಳೆದು, ಒಂದೊಂದೇ ತೋಟಾ ಇಟ್ಟು, ಮತ್ತೆ ಮುಂದಕ್ಕೆ ದೂಡಿ ಹೊಡೆಯುವ ರೈಫಲ್ ಅದು. ಅಲ್ಲಿಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ: "ಯಾವ ತೋಟಾ ಒಳ್ಳೆಯದು?" ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೊಡುವ ಉತ್ತರ: "ದುಬಾರಿಯದು." ಇದು ಅರ್ಧ ಸತ್ಯ. ಉಳಿದರ್ಧವನ್ನು ಅರಿಯದೆ ಹೋದರೆ ಹಣವೂ ಹೋಗುತ್ತದೆ, ಮಕ್ಕಳ ಆತ್ಮವಿಶ್ವಾಸವೂ ಹೋಗುತ್ತದೆ.

ಮಿಲಿಮೀಟರಿನ ಲೆಕ್ಕ

50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ನಮ್ಮ ಅಂಗಿಯ ಒಂದು ಗುಂಡಿಯಷ್ಟು. .22 ಗುಂಡಿನ ವ್ಯಾಸ ಸುಮಾರು 5.6 ಮಿ.ಮೀ. ಗುಂಡು ಆ ವೃತ್ತದ ಗೆರೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುತ್ತದೆ. ಹೀಗಾಗಿ ಗುಂಡಿನ ನಡುಬಿಂದು ಗುರಿಯ ನಡುಬಿಂದುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಸಾಕು. ಅಂದರೆ ನಮಗೆ ದೊರೆತ ಒಟ್ಟು ಅಂಗಳ 16 ಮಿ.ಮೀ. ಅಗಲದ್ದು.

ಈ ಅಂಗಳದಲ್ಲಿ ತೋಟಾಕ್ಕೂ ಪಾಲು ಕೊಡಬೇಕು, ಹೊಡೆಯುವವರಿಗೂ ಪಾಲು ಉಳಿಯಬೇಕು. ರೈಫಲನ್ನು ಅಲುಗದಂತೆ ಬಿಗಿದು ಹೊಡೆದಾಗಲೂ ಗುಂಡುಗಳು 14 ಮಿ.ಮೀ. ಅಗಲಕ್ಕೆ ಚದುರುತ್ತವೆ ಎಂದುಕೊಳ್ಳಿ. ಆಗ ನಿಮ್ಮ ಉಸಿರಿಗೆ, ನಾಡಿಬಡಿತಕ್ಕೆ, ಬೆರಳಿನ ತಪ್ಪಿಗೆ ಪ್ರತಿ ಪಕ್ಕದಲ್ಲಿ ಖಚಿತವಾಗಿ ಉಳಿಯುವುದು 1 ಮಿ.ಮೀ. ಮಾತ್ರ. ಅದೇ ತೋಟಾ 10 ಮಿ.ಮೀ. ಒಳಗೆ ಬೀಳುವಂಥದಾದರೆ ನಿಮಗೆ 3 ಮಿ.ಮೀ. ಸಿಗುತ್ತದೆ. ಒಳ್ಳೆಯ ತೋಟಾ ಗುರಿಯನ್ನು ತಾನೇ ಹೊಡೆದುಕೊಡುವುದಿಲ್ಲ. ನಿಮ್ಮ ಸಣ್ಣಪುಟ್ಟ ತಪ್ಪುಗಳನ್ನು ಮನ್ನಿಸುತ್ತದೆ.

ವೇಗದ ಲೆಕ್ಕವೂ ಇದೆ. ಪಂದ್ಯದ ತೋಟಾದ ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ, ಅಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆಯಲ್ಲಿ ಹೋಗುವಂತೆ ತಯಾರಿಸಿರುತ್ತಾರೆ. ಅದಕ್ಕಿಂತ ಜೋರಾಗಿ ಹೊರಟ ಗುಂಡು ಹಾರುತ್ತಾ ವೇಗ ಕಳೆದುಕೊಂಡು ಶಬ್ದದ ವೇಗದ ಗಡಿ ದಾಟುವಾಗ ಅದರ ನಡೆ ಕೆಡಬಹುದು. ಈ 50 ಮೀಟರ್ ದಾರಿಯಲ್ಲಿ ಗುರುತ್ವಾಕರ್ಷಣೆ ಗುಂಡನ್ನು ಸುಮಾರು 12 ಸೆಂ.ಮೀ. ಕೆಳಕ್ಕೆಳೆಯುತ್ತದೆ. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಅಂತರವಿದ್ದರೆ, ಆ ಕಾರಣದಿಂದಲೇ ಒಂದು ಇನ್ನೊಂದಕ್ಕಿಂತ 7-8 ಮಿ.ಮೀ. ಕೆಳಗೆ ಬೀಳುತ್ತದೆ. ನಿಮ್ಮ ಗುರಿ ಸರಿಯಾಗಿಯೇ ಇದ್ದಿತು, ಅಂಕ ಮಾತ್ರ ಒಂಬತ್ತು!

ಹೆಸರು ಒಂದೇ, ಲಾಟ್ ಬೇರೆ

.22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆ ಕೋಶದ ತಳದ ಅಂಚಿನೊಳಗೇ ಇರುತ್ತದೆ. ದೊಡ್ಡ ರೈಫಲಿನವರು ಬಳಸಿದ ಕೋಶಕ್ಕೆ ತಮಗೆ ಬೇಕಾದ ಅಳತೆಯ ಮದ್ದನ್ನು ಮತ್ತೆ ತುಂಬಿಕೊಳ್ಳಬಹುದು. ಇಲ್ಲಿ ಆ ಅವಕಾಶವಿಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ನಮ್ಮ ಕೈಯಲ್ಲಿರುವುದು ಆಯ್ಕೆ ಮಾತ್ರ.

ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರಿನ ಜೊತೆಗೆ ಒಂದು ಲಾಟ್ ಸಂಖ್ಯೆ ಮುದ್ರಿಸಿರುತ್ತಾರೆ. ಒಂದೇ ಸಲಕ್ಕೆ, ಒಂದೇ ಯಂತ್ರದಲ್ಲಿ, ಒಂದೇ ಮದ್ದಿನಿಂದ ತಯಾರಾದ ತೋಟಾಗಳ ಗುರುತು ಅದು. ಹೆಸರು ಒಂದೇ, ಬೆಲೆ ಒಂದೇ, ಬಣ್ಣ ಒಂದೇ ಆದರೂ ಎರಡು ಲಾಟುಗಳು ನಿಮ್ಮ ರೈಫಲಿನಲ್ಲಿ ಬೇರೆ ಬೇರೆಯಾಗಿ ವರ್ತಿಸಬಹುದು. ಅಷ್ಟೇ ಏಕೆ, ಗೆಳತಿಯ ರೈಫಲಿನಲ್ಲಿ ಸೂಜಿಯ ಮೊನೆಗೆ ಬೀಳುವ ಲಾಟ್ ನಿಮ್ಮದರಲ್ಲಿ ಚದುರಬಹುದು. ಎರಡೂ ಒಂದೇ ಕಾರ್ಖಾನೆಯ, ಒಂದೇ ಮಾದರಿಯ ರೈಫಲುಗಳಾಗಿದ್ದರೂ ಸಹ.

ಕಾರಣ ನಳಿಗೆ. ತೋಟಾ ಕೂರುವ ಚೇಂಬರಿನ ಅಳತೆ, ನಳಿಗೆಯೊಳಗಿನ ಸುರುಳಿ ಗೆರೆಗಳ ನುಣುಪು ಪ್ರತಿಯೊಂದರಲ್ಲೂ ಕೂದಲೆಳೆಯಷ್ಟು ಬೇರೆ. ಗುಂಡು ಹಾರುವಾಗ ನಳಿಗೆ, ಬಡಿದ ಕಬ್ಬಿಣದ ಸಲಾಕೆಯಂತೆ ಸಣ್ಣಗೆ ಕಂಪಿಸುತ್ತದೆ. ಆ ಕಂಪನದ ಯಾವ ಗಳಿಗೆಯಲ್ಲಿ ಗುಂಡು ಬಾಯಿಂದ ಹೊರಬೀಳುತ್ತದೆ ಎಂಬುದರ ಮೇಲೂ ಅದರ ದಾರಿ ನಿರ್ಧಾರವಾಗುತ್ತದೆ.

ಇದು ಹೊಸ ಜ್ಞಾನವೇನಲ್ಲ. ನಿಮ್ಮ ಅಜ್ಜನ ಮನೆ ಮಲೆನಾಡಿನಲ್ಲೋ ಕೊಡಗಿನಲ್ಲೋ ಇದ್ದರೆ ಕೇಪಿನ ಕೋವಿಯ ಮಾತು ಕೇಳಿರುತ್ತೀರಿ. ಅದಕ್ಕೆ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದ ಕೈಯಾರೆ ತುಂಬಬೇಕು. ಎಷ್ಟು ಮದ್ದು ಹಾಕಿದರೆ ತನ್ನ ಕೋವಿ ನೇರ ಹೊಡೆಯುತ್ತದೆ ಎಂಬುದನ್ನು ಕೋವಿಯವನೇ ಹೊಡೆದು ಹೊಡೆದು ಕಂಡುಕೊಳ್ಳಬೇಕಿತ್ತು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವವರಿಗೂ ತಮ್ಮ ಕೋವಿಯ ಸ್ವಭಾವ ಗೊತ್ತಿರಲೇಬೇಕು. ಅಜ್ಜ ಅಳತೆಯನ್ನು ಬದಲಿಸುತ್ತಿದ್ದರು. ಮೊಮ್ಮಕ್ಕಳು ಲಾಟನ್ನು ಬದಲಿಸಬೇಕು. ವ್ಯತ್ಯಾಸ ಇಷ್ಟೇ.

ಮೂರು ಗುಂಡಿನ ಮೋಸ

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಹುಡುಗಿಯೊಬ್ಬಳು ಆರು ಲಾಟುಗಳನ್ನು ತಂದು ಪ್ರತಿಯೊಂದರಿಂದ ಮೂರು ಮೂರು ಗುಂಡು ಹೊಡೆದಳೆನ್ನಿ. ಒಂದು ಲಾಟಿನ ಮೂರೂ ಗುಂಡುಗಳು ಒಂದೇ ತೂತಿನಲ್ಲಿ ಬಿದ್ದವು. "ಸಿಕ್ಕಿತು!" ಎಂದು ಅಪ್ಪ ಸಾಲ ಮಾಡಿ ಅದನ್ನೇ ಸಾವಿರಗಟ್ಟಲೆ ಕೊಂಡರು. ಪಂದ್ಯದಲ್ಲಿ ಒಂಬತ್ತುಗಳು ಬೀಳತೊಡಗಿದವು. ತೋಟಾ ಪರೀಕ್ಷಿಸಿಯಾಗಿದೆಯಲ್ಲ, ಹಾಗಾದರೆ ತಪ್ಪು ನನ್ನದೇ ಎಂದು ಹುಡುಗಿ ಕುಗ್ಗಿದಳು. ಸರಿಯಾಗಿದ್ದ ತನ್ನ ನಿಲುವನ್ನೂ ಹಿಡಿತವನ್ನೂ ಬದಲಿಸಹೊರಟಳು.

ಇಲ್ಲಿ ಮೋಸ ಮಾಡಿದ್ದು ಅಂಗಡಿಯವನಲ್ಲ, ಲೆಕ್ಕ. ಒಂದೇ ತೋಟಾದಿಂದ ಹೊಡೆದರೂ ಹತ್ತು ಗುಂಡುಗಳ ಹರವು ಮೂರು ಗುಂಡುಗಳ ಹರವಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ಹೆಚ್ಚಿರುತ್ತದೆ. ಅಲ್ಲದೆ ಆರು ಲಾಟುಗಳಲ್ಲಿ ಯಾವುದಾದರೂ ಒಂದು ಕೇವಲ ಅದೃಷ್ಟದಿಂದ ಚೆನ್ನಾಗಿ ಕಾಣಲೇಬೇಕು. ಆರು ಜನ ಕವಡೆ ಬಿಟ್ಟರೆ ಒಬ್ಬನಿಗೆ ಒಳ್ಳೆಯ ಗರ ಬೀಳುವುದಿಲ್ಲವೇ? ಅವನನ್ನು ಜಾಣನೆನ್ನುವ ಮೊದಲು ಮತ್ತೊಮ್ಮೆ ಆಡಿಸಿ ನೋಡಬೇಕು.

ಪರೀಕ್ಷೆಯ ಕ್ರಮ

ಕೋಚ್ ಇದ್ದಾಗ, ರೇಂಜಿನ ನಿಯಮದಂತೆ ಹೀಗೆ ಮಾಡಿ:

1. ಗಾಳಿಯಿಲ್ಲದ ಬೆಳಗಿನ ಹೊತ್ತನ್ನೋ ಒಳಾಂಗಣ ರೇಂಜನ್ನೋ ಆರಿಸಿಕೊಳ್ಳಿ. ರೈಫಲಿನ ತಿರುಪುಗಳು ಪಂದ್ಯದಲ್ಲಿ ಇರುವಷ್ಟೇ ಬಿಗಿಯಾಗಿರಲಿ. ಬಿಗಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾದೀತು.

2. ಮರಳಿನ ಚೀಲದ ಆಸರೆಯಲ್ಲಿ ಹೊಡೆಯಿರಿ. ಈಗ ಪರೀಕ್ಷೆ ತೋಟಾದ್ದು, ನಿಮ್ಮದಲ್ಲ.

3. ಸೀಸದ ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಬೇರೆ ಕಂಪೆನಿಯ ತೋಟಾಕ್ಕೆ ಹೋದಾಗ ಮೊದಲ 15-20 ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಜಿಡ್ಡಿಗೆ ನಳಿಗೆ ಹೊಂದಿಕೊಳ್ಳಲಿ.

4. ಪ್ರತಿ ಲಾಟಿನಿಂದ ಹತ್ತು ಗುಂಡುಗಳ ನಾಲ್ಕು ಗುಂಪು, ಒಟ್ಟು 40. ಒಂದು ಲಾಟನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಸರದಿ ಬದಲಿಸುತ್ತಾ ಹೊಡೆಯಿರಿ. ಆಗ ದಣಿವು, ಬೆಳಕು, ಬಿಸಿಲು ಎಲ್ಲ ಲಾಟಿಗೂ ಸಮನಾಗಿ ಹಂಚಿಹೋಗುತ್ತವೆ.

5. ಗುಂಪಿನಿಂದ ಹೊರಬಿದ್ದ ಗುಂಡನ್ನು ಬಿಡದೆ ಎಣಿಸಿ. "ಅದೊಂದು ನನ್ನ ಕೈತಪ್ಪು" ಎಂದು ಅಳಿಸಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಪಂದ್ಯದಲ್ಲಿ ಅಳಿಸಲು ಯಾರೂ ಬಿಡುವುದಿಲ್ಲ.

6. ಮೊದಲ ಎರಡು ಸ್ಥಾನದ ಲಾಟುಗಳನ್ನು ಇನ್ನೊಂದು ದಿನ ಮತ್ತೆ ಹೊಡೆಯಿರಿ. ಆಮೇಲೆ ಭುಜಕ್ಕಾನಿಸಿ, ಮಲಗಿ ಹೊಡೆದು ಖಚಿತಪಡಿಸಿಕೊಳ್ಳಿ.

7. ಲಾಟ್ ಸಂಖ್ಯೆ, ದಿನಾಂಕ, ಹವೆ, ಅಳತೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪುಸ್ತಕ ಹಾಗೆ ಮಾಡುವುದಿಲ್ಲ.

ದೊಡ್ಡ ಕಂಪೆನಿಗಳು ಇದನ್ನೇ ಯಂತ್ರದಲ್ಲಿ ಮಾಡಿಕೊಡುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಈಲಿ, ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಇದಕ್ಕೆಂದೇ ರೇಂಜುಗಳನ್ನಿಟ್ಟಿವೆ. ಶೂಟರುಗಳು ಅಲ್ಲಿಗೆ ತಮ್ಮ ರೈಫಲ್ ಒಯ್ದು, ಅದನ್ನು ಹಿಡಿಕೆಯಲ್ಲಿ ಬಿಗಿಸಿ, ಲಾಟಿನ ಮೇಲೆ ಲಾಟ್ ಹೊಡೆದು ನೋಡಿ, ಒಪ್ಪಿದ್ದನ್ನು ಕೊಂಡು ತರುತ್ತಾರೆ.

ನಮ್ಮಂಥವರಿಗೆ ಅಷ್ಟು ದೂರ ಹೋಗುವ ಅನುಕೂಲ ಎಲ್ಲಿದೆ? ನಮ್ಮಲ್ಲಿ ಪಂದ್ಯದ ದರ್ಜೆಯ ತೋಟಾಗಳು ಹೆಚ್ಚಾಗಿ ಆಮದಾಗುವಂಥವು. ಕೊಳ್ಳುವುದೂ ಇಟ್ಟುಕೊಳ್ಳುವುದೂ ಕಾನೂನಿನ ಮಿತಿಯೊಳಗೆ, ಪರವಾನಗಿಯ ಪ್ರಕಾರವೇ ನಡೆಯಬೇಕು. ಆದ್ದರಿಂದ ಕ್ಲಬ್ಬಿನಲ್ಲಿ ನಾಲ್ಕಾರು ಜನ ಸೇರಿ. ಬಂದಿರುವ ಲಾಟುಗಳನ್ನು ಎಲ್ಲರ ರೈಫಲಿನಲ್ಲೂ ಕೋಚ್ ಮುಂದೆ ಪರೀಕ್ಷಿಸಿ, ಯಾರಿಗೆ ಯಾವುದು ಒಪ್ಪಿತೋ ಅದನ್ನು ಅವರಿಗೆ ಕೊಡುವಂತೆ ಕ್ಲಬ್ಬನ್ನು ಕೇಳಿ. ನಿಮಗೆ ಆಗದ ಲಾಟ್ ಪಕ್ಕದವರಿಗೆ ಪದಕ ತಂದೀತು. ಎರಡು ದುಬಾರಿ ಲಾಟುಗಳಿಗಿಂತ ಒಂದು ಮಧ್ಯಮ ದರ್ಜೆಯ ಲಾಟ್ ನಿಮ್ಮ ನಳಿಗೆಗೆ ಹೆಚ್ಚು ಒಪ್ಪಿದರೆ ನಾಚಿಕೆಪಡಬೇಡಿ. ಕಾಗದದ ಮೇಲಿನ ತೂತುಗಳಿಗೆ ಬೆಲೆಪಟ್ಟಿ ಗೊತ್ತಿಲ್ಲ.

ಒಪ್ಪುವ ಲಾಟ್ ಸಿಕ್ಕಿದರೆ ಪಂದ್ಯಗಳ ಮಟ್ಟಿಗಾದರೂ ಸಾಕಾಗುವಷ್ಟನ್ನು ತೆಗೆದಿಡಿ. ದಿನನಿತ್ಯದ ಅಭ್ಯಾಸಕ್ಕೆ ಅಗ್ಗದ್ದು ನಡೆಯುತ್ತದೆ. ಪಂದ್ಯದ ಮೊದಲು ಮಾತ್ರ ಪಂದ್ಯದ ತೋಟಾದಲ್ಲೇ ಸೈಟ್ ಹೊಂದಿಸಿಕೊಳ್ಳಿ. ಪೆಟ್ಟಿಗೆಯನ್ನು ಮೇ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಇಷ್ಟೆಲ್ಲ ಶ್ರಮ ಏಕೆಂದರೆ, ಪ್ರಾಮಾಣಿಕವಾಗಿ ಪರೀಕ್ಷಿಸಿದ ಮೇಲೆ ತೋಟಾದ ತಪ್ಪು ಎಷ್ಟು, ನನ್ನದೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ತೋಟಾದ ತಪ್ಪಿಗೆ ನೀವು ಅಳಬೇಕಾಗಿಲ್ಲ. ನಿಮ್ಮ ತಪ್ಪನ್ನು ತೋಟಾದ ತಲೆಗೆ ಕಟ್ಟುವಂತೆಯೂ ಇಲ್ಲ. ಆಮೇಲೆ ಬಿದ್ದ ಒಂಬತ್ತು ನಿಮ್ಮದೇ. ನಿಮ್ಮದಾದ್ದರಿಂದಲೇ ನಾಳೆ ಬೆಳಗ್ಗೆ ರೇಂಜಿಗೆ ಹೋಗಿ ಅದನ್ನು ತಿದ್ದಿಕೊಳ್ಳಬಹುದು.